ಮೂಡುಬಿದಿರೆಯ ಜಿರಾಫೆ ಬಂದ ದಾರಿ

ಮೂಡುಬಿದಿರೆಯಲ್ಲಿ ಜಿರಾಫೆ ಉಂಟು!

ತಮಾಷೆಯಲ್ಲ. ಸಾವಿರ ಕಂಬದ ಬಸದಿಗೆ ಹೋಗಿ. ಕಂಬ ಎಣಿಸುವ ಹುಚ್ಚನ್ನು ಶಾಲಾ ಪ್ರವಾಸಕ್ಕೆ ಬಂದ ಮಕ್ಕಳಿಗೆ ಬಿಟ್ಟುಕೊಟ್ಟು ಭೈರಾದೇವಿ ಮಂಟಪದ ಬುಡದಲ್ಲಿ ಬೆನ್ನು ಬಗ್ಗಿಸಿ ನಿಲ್ಲಿ. ಅಡಿಪಾಯದ ಕಲ್ಲಿನ ಮೇಲಿನ ಕೆತ್ತನೆಗಳನ್ನು ಒಂದೊಂದಾಗಿ ನೋಡುತ್ತಾ ಬನ್ನಿ. ನಮಗೆ ಗುರುತಿರುವ ಪ್ರಾಣಿಗಳ ನಡುವೆ ಇದ್ದಕ್ಕಿದ್ದಂತೆ ಒಂದು ಉದ್ದ ಕತ್ತು ಎದ್ದು ನಿಲ್ಲುತ್ತದೆ. ಆಫ್ರಿಕಾದ ಜಿರಾಫೆ! ಅದನ್ನು ನೋಡಿ ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ. ನಮ್ಮ ಯಾಳಿಯಲ್ಲ, ನಮ್ಮ ಮಕರವೂ ಅಲ್ಲ, ಚೀನಾದ ಡ್ರ್ಯಾಗನ್.

ಬಸದಿ ಕಟ್ಟಿದ್ದು 1430ರಲ್ಲಿ. ಮಂಟಪ ಅದೇ ಶತಮಾನದ ನಡುಭಾಗದ್ದು. ಅದೇ ಕಾಲದಲ್ಲಿ, 1405ರಿಂದ 1433ರವರೆಗೆ, ಚೀನಾದ ಝೆಂಗ್ ಹೆಯ ಹಡಗುಪಡೆ ಮತ್ತೆ ಮತ್ತೆ ಕಲ್ಲಿಕೋಟೆಗೆ ಬರುತ್ತಿತ್ತು. 1414ರಲ್ಲಿ ಬಂಗಾಳದ ಸುಲ್ತಾನ ಚೀನಾದ ಚಕ್ರವರ್ತಿಗೆ ಒಂದು ಜೀವಂತ ಜಿರಾಫೆಯನ್ನೇ ಕಾಣಿಕೆಯಾಗಿ ಕಳಿಸಿದ್ದ. ಈ ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಮೈ ಜುಂ ಎನ್ನುವುದಿಲ್ಲವೇ? ಮೂಡುಬಿದಿರೆಯ ಶಿಲ್ಪಿ ಜಿರಾಫೆಯನ್ನು ಕಣ್ಣಾರೆ ಕಂಡನೋ, ಕಂಡವರ ಬಾಯಿಂದ ಕೇಳಿದನೋ, ಯಾರದೋ ರೇಷ್ಮೆ ಬಟ್ಟೆಯ ಮೇಲಿನ ಚಿತ್ರ ನೋಡಿದನೋ, ಹೇಗಾದರೂ ಇರಲಿ. ಕಾಡು, ಗದ್ದೆ, ಪಾರೆಗಳ ನಡುವಿನ ಈ ಊರಿಗೆ ಕಡಲು ನುಗ್ಗಿ ಬಂದಿತ್ತು ಎಂಬುದಕ್ಕೆ ಕಲ್ಲಿನ ಸಾಕ್ಷಿ ಅಲ್ಲಿದೆ.

ಕಡಲು ಯಾವ ಬಾಗಿಲಿನಿಂದ ಒಳಗೆ ಬಂತು? ಆ ಒಂದು ಪ್ರಶ್ನೆಯನ್ನು ಜೇಬಿಗೆ ಹಾಕಿಕೊಂಡು ಹೊರಟವನಿಗೆ ಸಿಕ್ಕಿದ ಉತ್ತರ ಎಷ್ಟು ಸರಳ, ಎಷ್ಟು ಸೊಗಸು ಎಂದರೆ, ಹುಟ್ಟಿದಾಗಿನಿಂದ ನೋಡಿದ ಜಿಲ್ಲೆಯ ನಕ್ಷೆಯೇ ನನಗೆ ತಲೆಕೆಳಗಾಯಿತು.

ಆ ನಕ್ಷೆಯನ್ನು ಬಿಡಿಸಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ಮೂರಕ್ಕೂ ಒಂದಂಗುಲ ಕಡಲತೀರ ಇಲ್ಲ. ಆದರೆ ಎರಡು ನದಿಗಳನ್ನು ಬೆರಳಿಟ್ಟು ಹಿಂಬಾಲಿಸಿ. ಕುದುರೆಮುಖದ ಸೀಮೆಯಲ್ಲಿ ಹುಟ್ಟುವ ನೇತ್ರಾವತಿ ಬೆಳ್ತಂಗಡಿ ತಾಲೂಕನ್ನು ಸೀಳಿ, ಧರ್ಮಸ್ಥಳವನ್ನು ಸವರಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ ಪೇಟೆಯ ಹಿತ್ತಿಲು ತೊಳೆದು ಪಡುವಣಕ್ಕೆ ಓಡುತ್ತದೆ. ಇತ್ತ ಫಲ್ಗುಣಿ, ಅಂದರೆ ಮಂಗಳೂರಿನವರ ಗುರುಪುರ ಹೊಳೆ, ವೇಣೂರಿನ ಬಾಹುಬಲಿಯ ಮುಂದೆ ಹಾದು, ಪೊಳಲಿಯ ರಾಜರಾಜೇಶ್ವರಿಗೆ ಕೈಮುಗಿದು, ಗುರುಪುರ ದಾಟಿ ಬರುತ್ತದೆ. ಎರಡೂ ಕಡಲಿಗೆ ಬಿದ್ದವೇ? ನೇರವಾಗಿ ಅಲ್ಲ! ಫಲ್ಗುಣಿ ಕಡಲಿನ ಅಂಚಿಗೆ ಬಂದು, ಇನ್ನೇನು ಸೇರಬೇಕು ಎನ್ನುವಾಗ ಗಕ್ಕನೆ ತೆಂಕಣಕ್ಕೆ ತಿರುಗುತ್ತದೆ. ಬೆಂಗ್ರೆಯ ಮರಳು ದಿಣ್ಣೆಯ ಹಿಂದೆ ಕಡಲಿಗೆ ಜೊತೆಯಾಗಿ ಹರಿಯುತ್ತಾ ಬಂದು ಅಳಿವೆ ಬಾಗಿಲಿನಲ್ಲಿ ನೇತ್ರಾವತಿಯನ್ನು ಕೂಡುತ್ತದೆ.

ಎರಡು ಹೊಳೆ ಕೂಡುವ ಆ ಮೂಲೆಯಲ್ಲಿ ಏನಿದೆ? ಮಂಗಳೂರಿನ ಹಳೆ ಬಂದರು! ಬಂದರು, ಹೊಯ್ಗೆಬಜಾರ್, ಬೋಳಾರ, ಜೆಪ್ಪು. ಈ ಮೂರು ತಾಲೂಕುಗಳ ಕಡಲ ಕೇರಿ ಅದೇ. ಬಂಟ್ವಾಳಕ್ಕೂ ಬೆಳ್ತಂಗಡಿಗೂ ಮೂಡುಬಿದಿರೆಗೂ ಸೇರಿದ ಒಂದು ಬೀದಿ ಸಮುದ್ರದ ಬಾಯಲ್ಲಿ ಇದೆ. ನಾವು ಅದನ್ನು ಇಷ್ಟು ಕಾಲ ಮಂಗಳೂರಿನದು ಎಂದುಕೊಂಡೇ ಬಂದಿದ್ದೇವೆ.

ಈಗ ನಡೆಯೋಣ ಬನ್ನಿ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಪಡುವಣದ ಇಳಿಜಾರು ಹಿಡಿದರೆ ನಾಲ್ಕು ಹೆಜ್ಜೆಗೆ ಊರಿನ ವಾಸನೆ ಬದಲಾಗುತ್ತದೆ. ಒಣಮೆಣಸು, ಬೆಲ್ಲ, ಹುರಿಹಗ್ಗ, ಡಾಂಬರು ಬಳಿದ ಮರ, ಒಣಮೀನು. ಅಝೀಝುದ್ದೀನ್ ರಸ್ತೆ, ನೆಲ್ಲಿಕಾಯಿ ರಸ್ತೆ. ಎರಡು ಲಾರಿ ಎದುರಾದರೆ ಒಂದು ಹಿಂದೆ ಸರಿಯಲೇಬೇಕಾದ ಓಣಿಗಳು. ಮೇಲೆ ಹಂಚಿನ ಸೂರು, ಕೆಳಗೆ ಹಲಗೆ ಬಾಗಿಲಿನ ಬಂಡಸಾಲೆ. ಒಂದೇ ಓಣಿಯಲ್ಲಿ ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಬ್ಯಾರಿ, ಕೊಂಕಣಿ, ತುಳು, ಮಲಯಾಳ ಕಿವಿಗೆ ಬೀಳುತ್ತವೆ. ಲೆಕ್ಕದ ಪುಸ್ತಕ ಮಾತ್ರ ಕನ್ನಡದಲ್ಲಿ.

ಈ ಓಣಿಗಳ ವಯಸ್ಸು ಕೇಳಿದರೆ ತಲೆ ತಿರುಗುತ್ತದೆ. ಬ್ರಿಟಿಷರ ಕಾಲದ್ದೇ? ಪೋರ್ಚುಗೀಸರ ಕಾಲದ್ದೇ? ಇನ್ನೂ ಹಿಂದೆ ಹೋಗಿ! 12ನೇ ಶತಮಾನದಲ್ಲಿ, ಬಸವಣ್ಣನವರು ಬದುಕಿದ್ದ ಕಾಲದಲ್ಲೇ, ಟುನೀಸಿಯದ ಒಬ್ಬ ಯಹೂದಿ ವರ್ತಕ ಮಂಗಳೂರಿನಲ್ಲಿ ಮನೆ ಮಾಡಿಕೊಂಡಿದ್ದ. ಹೆಸರು ಅಬ್ರಹಾಂ ಬೆನ್ ಯಿಜು. ಆಶು ಎಂಬ ಇಲ್ಲಿನ ಹೆಣ್ಣಿನೊಂದಿಗೆ ಸಂಸಾರ. ಒಂದು ಕಂಚಿನ ಕಾರ್ಖಾನೆ. ಏಡನ್‌ಗೆ ಸರಕು ಕೊಂಡೊಯ್ಯಲು, ಲೆಕ್ಕ ಒಪ್ಪಿಸಿ ಬರಲು ಬೊಮ್ಮ ಎಂಬ ನಮ್ಮವನು. ಬೆನ್ ಯಿಜು ಇಲ್ಲಿಂದ ಏಡನ್‌ಗೆ ಕಳಿಸುತ್ತಿದ್ದ ಸರಕಿನಲ್ಲಿ ಅಡಕೆ ಇತ್ತು ಎಂದು ಓದಿದಾಗ ನಾನು ಕುಳಿತಲ್ಲಿಂದ ಎದ್ದುಬಿಟ್ಟೆ. ಅಡಕೆ! ಅಲ್ಲಿಂದ ಅವನಿಗೆ ಬರುತ್ತಿದ್ದುದು ಈಜಿಪ್ಟಿನ ಕಾಗದ, ಸಕ್ಕರೆ, ಒಣದ್ರಾಕ್ಷಿ. ಕೈರೋದ ಒಂದು ಯಹೂದಿ ಪ್ರಾರ್ಥನಾ ಮಂದಿರದ ಕೋಣೆಯಲ್ಲಿ ಶತಮಾನಗಳ ಕಾಲ ಬಿದ್ದಿದ್ದ ಕಾಗದದ ರಾಶಿಯಲ್ಲಿ ಅವನ ಪತ್ರಗಳು ಸಿಕ್ಕಿದವು. ಅಮಿತಾವ್ ಘೋಷ್ 1992ರಲ್ಲಿ ಈ ಬೊಮ್ಮನ ಬೆನ್ನು ಹತ್ತಿ ಒಂದು ಇಡೀ ಪುಸ್ತಕ ಬರೆದರು. ಬೊಮ್ಮ ಓಡಾಡಿದ ದಕ್ಕೆಯಲ್ಲಿ ಇವತ್ತು ಬೂತಾಯಿ, ಬಂಗುಡೆಯ ಬುಟ್ಟಿಗಳಿವೆ. ಅವನಿಗೊಂದು ಹೆಸರಿನ ಫಲಕ ಕೂಡ ಇಲ್ಲ, ಇರಲಿ.

ಆಮೇಲೆ ಬಂದವನು ಪ್ರವಾಸಿ ಇಬ್ನ್ ಬತೂತ, 14ನೇ ಶತಮಾನದಲ್ಲಿ. ಪರ್ಷಿಯದ, ಯೆಮೆನ್‌ನ ವರ್ತಕರು ಇಳಿಯುವ ತಾಣ ಇದು, ಮೆಣಸು ಶುಂಠಿ ಹೇರಳ, ಸುಮಾರು 4,000 ಮುಸಲ್ಮಾನರು ವಾಸವಿದ್ದಾರೆ ಎಂದು ಬರೆದಿಟ್ಟ. ಅವರ ಕೇರಿಯ ನಡುವೆಯೇ ಝೀನತ್ ಭಕ್ಷ್ ಜುಮ್ಮಾ ಮಸೀದಿ. ಧರ್ಮಪ್ರಚಾರಕ ಮಾಲಿಕ್ ದೀನಾರರ ಬಳಗ 7ನೇ ಶತಮಾನದಲ್ಲೇ ಕಟ್ಟಿತು ಎಂಬುದು ಪರಂಪರೆಯ ಮಾತು. ಟಿಪ್ಪು ಅದನ್ನು ಜೀರ್ಣೋದ್ಧಾರ ಮಾಡಿಸಿದ. ಒಳಗಿನ ಮರದ ಕೆಲಸ ನೋಡಿ. ಮೂಡುಬಿದಿರೆಯ ಚೌಟರ ಅರಮನೆಯ ಕಂಬಗಳನ್ನು ನೋಡಿ ಬಂದವರಿಗೆ ಅದು ಎಲ್ಲೋ ಕಂಡ ಕೈಯ ಹಾಗೆ ಅನಿಸುತ್ತದೆ. ಉಳಿ ಹಿಡಿಯುವ ಕೈಗೆ ಧರ್ಮ ಯಾವುದಾದರೇನು, ಸಿಗುವುದು ಇದೇ ಘಟ್ಟದ ಮರ ತಾನೇ!

ದಕ್ಕೆಗೆ ಬಂದಾಗ ಒಬ್ಬ ಹಿರಿಯ ಬ್ಯಾರಿ ಕಾಕ ಗೋಣಿಯ ಅಟ್ಟಿಗೆ ಒರಗಿ ಚಹಾ ಕುಡಿಯುತ್ತಿದ್ದರು. ನಾನು ಸೂರುಗಳನ್ನೇ ನೋಡುತ್ತಾ ನಿಂತದ್ದು ಕಂಡು, "ಎಂತ ಹುಡುಕುವುದು ಮಾರಾಯ್ರೆ?" ಎಂದರು.

"ಬಂಟ್ವಾಳದಿಂದ ಬರುವ ದೋಣಿ ಎಲ್ಲಿ ನಿಲ್ಲುತ್ತಿತ್ತು ಕಾಕ?"

ಅವರು ನಕ್ಕುಬಿಟ್ಟರು. "ಎಲ್ಲಿ ಅಂತ ಕೇಳ್ತೀರಲ್ಲ! ಎಲ್ಲಿ ನೋಡಿದ್ರೂ ಅದೇ ಅಲ್ವಾ ಇದ್ದದ್ದು. ನಮ್ಮ ಅಜ್ಜ ಹೇಳುತ್ತಿದ್ದರು, ಹೊಳೆಯಿಂದ ಬಂದ ಓಡ ಒಂದು ಬದಿ, ಕಡಲಿಂದ ಬಂದ ಮಂಜಿ ಇನ್ನೊಂದು ಬದಿ. ನಡುವೆ ಹೊರುವವರು."

ಇತಿಹಾಸದ ಪುಸ್ತಕಗಳು ನೂರು ಪುಟಗಳಲ್ಲಿ ಹೇಳಲು ಒದ್ದಾಡುವುದನ್ನು ಕಾಕ ಒಂದು ಲೋಟ ಚಹಾದಲ್ಲಿ ಮುಗಿಸಿದರು. ಬಂದರು ಎಂದರೆ ಹೊಳೆಯ ದೋಣಿಯಿಂದ ಕಡಲಿನ ಹಡಗಿಗೆ ಸರಕು ಹೆಗಲು ಬದಲಿಸುವ ಜಾಗ. ಆ ಸರಕು ಮೂಡಣದಿಂದ ಬರದಿದ್ದರೆ ಇಲ್ಲಿ ಮರಳು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಬೆಂಗ್ರೆಗೆ ಹೋಗುವ ದೋಣಿ ಹತ್ತಿ. ದಯವಿಟ್ಟು ಹತ್ತಿ! ಕೆಲವೇ ನಿಮಿಷದ ಪಯಣ, ಆದರೆ ನೀರಿನ ನಡುವಿಗೆ ಬಂದು ತಿರುಗಿ ನೋಡಿದಾಗ ಕೇರಿ ತನ್ನ ನಿಜವಾದ ಮುಖ ತೋರಿಸುತ್ತದೆ. ಬೀದಿಯಿಂದ ನೋಡಿದ್ದು ಬರೀ ಬೆನ್ನು. ಹಂಚಿನ ಸೂರುಗಳ ಸಾಲು, ದಕ್ಕೆಗೆ ಕಟ್ಟಿದ ಬೋಟುಗಳ ಸಾಲು, ಲಕ್ಷದ್ವೀಪಕ್ಕೆ ಹೋಗಲು ಸಾಮಾನು ತುಂಬಿಸಿಕೊಳ್ಳುತ್ತಿರುವ ಮಂಜಿ. ಅಂದಹಾಗೆ ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದು ನಿಮಗೆ ಗೊತ್ತಿತ್ತೇ? ಆಗ ದ್ವೀಪದವರು ತೆಂಗಿನ ನಾರಿನ ಹುರಿ ತಂದು ಸರಕಾರಕ್ಕೆ ಕೊಡಬೇಕು, ಬದಲಿಗೆ ಅಕ್ಕಿ ಒಯ್ಯಬೇಕು. ಟಿಪ್ಪುವಿನ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ಮೇಲೂ ಇದೇ ಏರ್ಪಾಡು. ಹೊಳೆದಂಡೆಯ ಗದ್ದೆಗಳಲ್ಲಿ ಕೆಸರು ತುಳಿದವರ ಅಕ್ಕಿ, ಅರಬ್ಬಿ ಕಡಲಿನ ನಡುವೆ ಹವಳದ ದಿಬ್ಬದ ಮೇಲೆ ಗಂಜಿಯಾಗುತ್ತಿತ್ತು.

ಪೋರ್ಚುಗೀಸರೂ ಮೂಗು ಅರಳಿಸಿಕೊಂಡು ಬಂದದ್ದು ಇದೇ ಅಕ್ಕಿ, ಮೆಣಸಿನ ವಾಸನೆಗೆ. 1568ರಲ್ಲಿ ಇಲ್ಲಿ ಕೋಟೆ ಕಟ್ಟಿದರು, ರೊಸಾರಿಯೋ ಇಗರ್ಜಿ ಸ್ಥಾಪಿಸಿದರು. ಇಂದಿನ ಭಾರಿ ಗುಮ್ಮಟದ ಕೆಥೆಡ್ರಲ್ 20ನೇ ಶತಮಾನದ ಆರಂಭದ್ದು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಯಾರು? ಚೌಟರ ಮನೆತನದವಳು. ಆ ಚೌಟರ ಅರಮನೆ ಎಲ್ಲಿ? ಮೂಡುಬಿದಿರೆಯಲ್ಲಿ! ಮಂಗಳೂರನ್ನು ಆಳಿದ ಬಂಗರ ಬೇರು ಎಲ್ಲಿ? ಬೆಳ್ತಂಗಡಿ ತಾಲೂಕಿನ ಬಂಗಾಡಿಯಲ್ಲಿ, ಬಂಟ್ವಾಳದ ನಂದಾವರದಲ್ಲಿ! ಕಡಲ ಬಾಯಲ್ಲಿ ಸುಂಕ, ಒಳನಾಡಿನಲ್ಲಿ ಸಿಂಹಾಸನ. 1623ರಲ್ಲಿ ಇಟಲಿಯಿಂದ ಪಿಯೆತ್ರೋ ದೆಲ್ಲಾ ವಾಲೆ ಎಂಬ ಪ್ರವಾಸಿ ಬಂದ. ಉಳ್ಳಾಲದ ರಾಣಿಯನ್ನು ಕಾಣಬೇಕೆಂದು ಅವನೂ ಕಡಲು ಬಿಟ್ಟು ಒಳನಾಡಿಗೆ ಹೋಗಬೇಕಾಯಿತು.

ಇನ್ನು ಬ್ರಿಟಿಷರ ಕಾಲ. ನನ್ನ ಮಟ್ಟಿಗೆ ಆ ಕಾಲದ ಅತ್ಯಂತ ದೊಡ್ಡ ಸ್ಮಾರಕ ಯಾವ ಬಂಗಲೆಯೂ ಅಲ್ಲ. ಅದು ನಮ್ಮೆಲ್ಲರ ತಲೆಯ ಮೇಲಿರುವ ಹಂಚು.

1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಇಲ್ಲಿಗೆ ಬಂದರು. 1843ರ ಜುಲೈ 1ರಂದು ಅದೇ ಮಿಷನ್ನಿನ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರತಂದ. ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ. 1894ರಲ್ಲಿ ಕಿಟ್ಟೆಲ್ ಕೋಶ ಬಂತು. ಇವೆಲ್ಲ ನಾವು ಶಾಲೆಯಲ್ಲೇ ಉರು ಹೊಡೆದ ಸಂಗತಿಗಳು, ಬಿಡಿ. ನನಗೆ ಹುಚ್ಚು ಹಿಡಿಸಿದ್ದು ಗಿಯೋರ್ಗ್ ಪ್ಲೆಬ್ಸ್ಟ್ ಎಂಬ ಜರ್ಮನ್. ಈತ ಬಂದದ್ದು ಮುದ್ರಣಾಲಯದ ಕೆಲಸಕ್ಕೆ. ಅಕ್ಷರದ ಅಚ್ಚು ನೋಡಿಕೊಳ್ಳುತ್ತಿದ್ದ ಮನುಷ್ಯನ ಕಣ್ಣು ಹೊಳೆದಂಡೆಯ ಆವೆಮಣ್ಣಿನ ಮೇಲೆ ಬಿತ್ತು. ಇದನ್ನೂ ಅಚ್ಚು ಹಾಕಬಹುದಲ್ಲ! 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯಲ್ಲಿ, ಹಂಚಿನ ಕಾರ್ಖಾನೆ ಶುರುವಾಯಿತು.

ಅದಕ್ಕೆ ಮುಂಚೆ ನಮ್ಮ ಸೂರು ಎಂದರೆ ಮುಳಿಹುಲ್ಲು, ತೆಂಗಿನ ಮಡಲು, ಇದ್ದವರಿಗೆ ನಾಡಹಂಚು. ವರ್ಷ ವರ್ಷವೂ ಹೊಸದಾಗಿ ಹೊದೆಸಬೇಕು. ಒಂದು ಕಿಡಿ ಬಿದ್ದರೆ ಪೇಟೆಗೆ ಪೇಟೆಯೇ ಬೂದಿ. ಈ ಹೊಸ ಹಂಚು ನೋಡಿ: ಅಂಚಿನಲ್ಲಿ ತೋಡು, ಪಕ್ಕದ ಹಂಚಿನ ಏಣು ಆ ತೋಡಿನೊಳಗೆ ಕೂರುತ್ತದೆ. ಹಿಂಬದಿಯ ಗುಬಟು ರೀಪಿಗೆ ಕಚ್ಚಿಕೊಳ್ಳುತ್ತದೆ. ಮೊಳೆ ಬೇಡ, ಗಾರೆ ಬೇಡ. ಎರಡು, ಎರಡೂವರೆ ಕಿಲೋ ತೂಕ. ಆಟಿಯ ಮಳೆಗೆ ಒಂದು ಹಂಚು ಒಡೆದರೆ ಏಣಿ ಹಾಕಿ ಹತ್ತಿ ಅದೊಂದನ್ನೇ ಬದಲಿಸಿ ಇಳಿಯಿರಿ. ಮಾದರಿ ಫ್ರಾನ್ಸಿನದು, ಯಂತ್ರ ಯುರೋಪಿನದು. ಮಣ್ಣು ನಮ್ಮ ಹೊಳೆಯದು, ಒಲೆಗೆ ಹಾಕಿದ ಸೌದೆ ನಮ್ಮ ಕಾಡಿನದು, ಅದನ್ನು ಕಲಸಿ, ಒತ್ತಿ, ಒಣಗಿಸಿ, ಸುಟ್ಟ ಕೈಗಳು ನಮ್ಮವು. ಮುಂಬಯಿಗೆ ಹೋಯಿತು, ಬರ್ಮಾಕ್ಕೆ, ಸಿಲೋನಿಗೆ, ಏಡನ್‌ಗೆ, ಪೂರ್ವ ಆಫ್ರಿಕಾಕ್ಕೆ ಹೋಯಿತು. ಅಂದರೆ ಜಿರಾಫೆಯ ಊರಿಗೆ! ಯಾವ ಕಾಲದಲ್ಲೋ ಅಲ್ಲಿಂದ ಒಂದು ಚಿತ್ರ ಬಂದಿತ್ತು, ಇಲ್ಲಿಂದ ಹಡಗುಗಟ್ಟಲೆ ಸೂರು ಹೋಯಿತು.

ಆದರೆ ನಿಜವಾದ ರೋಮಾಂಚನ ಇನ್ನೂ ಮುಂದಿದೆ. ಜೆಪ್ಪುವಿನ ಕಾರ್ಖಾನೆ ಶುರುವಾಗಿ ಮೂರೇ ವರ್ಷ. 1868. ಒಬ್ಬ ಭಾರತೀಯ ಮೊದಲ ಬಾರಿಗೆ ಮಂಗಳೂರು ಹಂಚು ತಯಾರಿಸಲು ಹೊರಟ, ಪಾಸ್ಕಲ್ ಅಲ್ಬುಕರ್ಕ್. ಎಲ್ಲಿ ಗೊತ್ತೇ? ಮಂಗಳೂರಿನಲ್ಲಲ್ಲ. ಪಾಣೆಮಂಗಳೂರಿನಲ್ಲಿ! ಬಂಟ್ವಾಳದ ಎದುರು ದಂಡೆಯಲ್ಲಿ! ಮಣ್ಣು ಎಲ್ಲಿದೆ, ಸೌದೆ ಎಲ್ಲಿದೆ, ದೋಣಿ ಎಲ್ಲಿ ನಿಲ್ಲುತ್ತದೆ ಎಂದು ಬಲ್ಲವನು ಹೊಳೆಯ ಮೇಲಕ್ಕೇ ಬಂದು ಒಲೆ ಹೂಡಿದ. ಮುಂದೆ ಕಾರ್ಖಾನೆಗಳು ಹೊಯ್ಗೆಬಜಾರ್, ಬೋಳಾರಗಳ ಹೊಳೆದಂಡೆಯುದ್ದಕ್ಕೂ ಸಾಲುಗಟ್ಟಿದವು. ಚಿಮಿಣಿಗಳ ಕಾಡೇ ಎದ್ದಿತು. ಇವತ್ತು ಬೋಳಾರದಿಂದ ಜೆಪ್ಪುವಿನವರೆಗೆ ನಡೆದರೆ ಆ ಕಾಡಿನ ಬುಡಗಳಷ್ಟೇ ಕಾಣುತ್ತವೆ. ಪಾಳು ಗೋಡೆ, ಹಂಚಿನ ಚೂರಿನ ರಾಶಿ, ನಡುವೆ ಎದ್ದ ಬಹುಮಹಡಿ ಫ್ಲಾಟು. ಆ ಫ್ಲಾಟಿನ ಮೇಲೆ ಕಾಂಕ್ರೀಟು, ಅದು ಸೋರುತ್ತದೆಂದು ಮೇಲೆ ತಗಡು. ಈ ಜಿಲ್ಲೆಯ ಮಳೆಗೆ ಯಾವ ಸೂರು ಸರಿ ಎಂಬ ವಾದ 1865ರಲ್ಲೇ ಮುಗಿದಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಹೊಳೆಯ ಇನ್ನೊಂದು ತುದಿಗೆ ಹೋಗಲೇಬೇಕಲ್ಲ! ಬಿ.ಸಿ. ರೋಡಿಗೆ ಬಸ್ಸು ಹಿಡಿಯಿರಿ. ದಾರಿಯಲ್ಲಿ ಫರಂಗಿಪೇಟೆ. ಕಂಪನಿಗಾಗಿ ಈ ಸೀಮೆಯನ್ನು ಸಮೀಕ್ಷೆ ಮಾಡಿದ ಬುಕಾನನ್ 1801ರಲ್ಲಿ ಈ ದಾರಿಯಲ್ಲಿ ಹಾದುಹೋದಾಗ ಇಲ್ಲಿನ ಕೊಂಕಣಿ ಕ್ರೈಸ್ತರ ಊರು ಹಾಳುಬಿದ್ದಿತ್ತು. 1784ರ ಫೆಬ್ರವರಿಯಲ್ಲಿ ಟಿಪ್ಪು ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದ. ಇಲ್ಲಿನ ಮೊಂತೆ ಮರಿಯಾನೋ ಇಗರ್ಜಿ ಪೋರ್ಚುಗೀಸ್ ಸಂನ್ಯಾಸಿಗಳ ಕಾಲದ ನೆನಪು. ಕರಾವಳಿಯ ಇಗರ್ಜಿಗಳು ಒಂದೊಂದಾಗಿ ನೆಲಕಚ್ಚಿದಾಗ ಮೂಡುಬಿದಿರೆ ಹೊಸ್ಪೇಟೆಯ ಹೋಲಿ ಕ್ರಾಸ್ ಇಗರ್ಜಿ ಉಳಿದುಕೊಂಡಿತು. ಚೌಟ ಅರಸರ ಸ್ನೇಹವೇ ಕಾರಣ ಎನ್ನುತ್ತಾರೆ. ಜೈನ ಅರಸನ ಮಾತಿಗೆ ಮುಸಲ್ಮಾನ ದೊರೆ ಕ್ರೈಸ್ತರ ಗುಡಿ ಉಳಿಸಿದ ಕತೆ! ಈ ಸೀಮೆಯಲ್ಲಿ ಇತಿಹಾಸ ಒಂದೇ ಬಣ್ಣದಲ್ಲಿ ಸಿಗುವುದೇ ಇಲ್ಲ.

ಬಿ.ಸಿ. ರೋಡಿನ ಗದ್ದಲದಿಂದ ಸ್ವಲ್ಪವೇ ದೂರ ಬಂಟ್ವಾಳ ಪೇಟೆ. ಒಂದು ತಿರುವು ತಿರುಗಿದಿರಿ ಎಂದರೆ ಗಡಿಯಾರ ಹಿಂದಕ್ಕೆ ಓಡುತ್ತದೆ. ಅದೇ ಬಂದರಿನ ಓಣಿ! ಅದೇ ಅಗಲ, ಅದೇ ಹಂಚಿನ ಸೂರು, ಅದೇ ಹಲಗೆ ಬಾಗಿಲು, ಬೀದಿಗೆ ಕಿರಿದಾಗಿ ಹಿಂದಕ್ಕೆ ಉದ್ದುದ್ದ ಚಾಚಿಕೊಂಡ ಅದೇ ಮನೆ-ಅಂಗಡಿ. ಬೀದಿಯ ಬದಿಯಲ್ಲಿ ಜಗಲಿ, ಆಮೇಲೆ ಅಂಗಡಿ, ಆಮೇಲೆ ಉಗ್ರಾಣ, ಆಮೇಲೆ ಮನೆ, ಹಿತ್ತಿಲು, ಹಿತ್ತಿಲಾಚೆ ನೇತ್ರಾವತಿ. ಬಂದರು ಮತ್ತು ಬಂಟ್ವಾಳ ಒಂದೇ ಬಟ್ಟೆಯ ಎರಡು ಸೆರಗು. ನಡುವಿನ ಇಪ್ಪತ್ತೈದು ಕಿಲೋಮೀಟರ್ ನೀರು.

ದೋಣಿಯ ಕಾಲದಲ್ಲಿ ಘಟ್ಟದ ಮೇಲಿನ ಕಾಫಿ ಚಾರ್ಮಾಡಿ ಇಳಿದು, ಬೆಳ್ತಂಗಡಿ ದಾಟಿ ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಬರಬೇಕು. ಕೊಡಗಿನದು ಸಂಪಾಜೆ ಇಳಿದು ಬರಬೇಕು. ಇಲ್ಲಿ ಗಾಡಿಯಿಂದ ದೋಣಿಗೆ. ದೋಣಿ ಮಂಗಳೂರಿಗೆ. ಅಲ್ಲಿ ಯುರೋಪಿಯನ್ ಕಂಪನಿಗಳ ಕಾಫಿ ಕ್ಯೂರಿಂಗ್ ಅಂಗಳಗಳಲ್ಲಿ ಸಾಲುಸಾಲು ಹೆಂಗಸರು ಬೀಜ ಒಣಗಿಸಿ ಆರಿಸಬೇಕು. ಆಮೇಲೆ ಹಡಗು, ಆಮೇಲೆ ಲಂಡನ್. ಲಂಡನ್ನಿನಲ್ಲಿ ಯಾರೋ ಹೀರಿದ ಕಾಫಿಯ ಬೀಜ ಬಂಟ್ವಾಳದ ಯಾವುದೋ ಉಗ್ರಾಣದಲ್ಲಿ ಒಂದು ರಾತ್ರಿ ಮಲಗಿ ಎದ್ದಿತ್ತು! ತಿರುಗಿ ಬರುವ ದೋಣಿಯಲ್ಲಿ ಉಪ್ಪು, ಒಣಮೀನು, ಬಟ್ಟೆ, ಹಂಚು. ಪೇಟೆಯ ಕೊಂಕಣಿ ವರ್ತಕರು ಆ ಹಣದಲ್ಲಿ ವೆಂಕಟರಮಣನ ದೇವಸ್ಥಾನವನ್ನು ಬೆಳೆಸಿದರು, ತೇರು ಎಳೆದರು. ಕವಿ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ.

ಇಷ್ಟು ಕೊಟ್ಟ ಹೊಳೆ ಕಿತ್ತುಕೊಂಡದ್ದೂ ಉಂಟು. 1923ರ ನೆರೆ, 1974ರ ನೆರೆ. ಈ ಎರಡು ಇಸವಿಗಳನ್ನು ಹಿಡಿದೇ ಬಂಟ್ವಾಳದವರು ಹಳೆಯ ಕತೆ ಹೇಳುತ್ತಾರೆ. ಮನೆ ಕಟ್ಟಿದ್ದು, ಮದುವೆಯಾದದ್ದು, ಅಂಗಡಿ ಮುಚ್ಚಿದ್ದು ಎಲ್ಲ ನೆರೆಗೆ ಮುಂಚೆ ಅಥವಾ ನೆರೆಯ ಅನಂತರ. ವಿಚಿತ್ರ ನೋಡಿ, ಆ 1974ರಲ್ಲೇ ಪಣಂಬೂರಿನ ಹೊಸ ಬಂದರು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. 1907ರಲ್ಲಿ ಮಂಗಳೂರಿಗೆ ರೈಲು ಬಂದಾಗಲೇ ದೋಣಿಯ ಕಾಲ ಇಳಿಮುಖವಾಗಿತ್ತು. ಲಾರಿ ಅದನ್ನು ಮುಗಿಸಿತು. ಹೆದ್ದಾರಿ ಬಿ.ಸಿ. ರೋಡನ್ನು ಆರಿಸಿಕೊಂಡಿತು, ಪೇಟೆ ಬದಿಗೆ ಉಳಿಯಿತು. ಹಾಗೆ ಬದಿಗೆ ಉಳಿದದ್ದರಿಂದಲೇ ಅದು ಉಳಿದಿದೆ. ಅಗಲೀಕರಣದ ಜೆಸಿಬಿ ಬಾಯಿ ಹಾಕಿದ್ದರೆ ನಾನು ಈ ಸಾಲು ಬರೆಯುತ್ತಿರಲಿಲ್ಲ.

ಪಾಣೆಮಂಗಳೂರಿನ ಹಳೆಯ ಸೇತುವೆಯ ಮೇಲೆ ಹೋಗಿ ನಿಲ್ಲಿ. ಬ್ರಿಟಿಷರ ಕಾಲದ್ದು, ನೂರು ಮಳೆಗಾಲ ದಾಟಿದ್ದು. 1837ರಲ್ಲಿ ಈ ಸೇತುವೆ ಇರಲಿಲ್ಲ, ಆದರೆ ಈ ಕಡವು ಇತ್ತು. ಸುಳ್ಯದಿಂದ ಎದ್ದ ರೈತರ ದಂಡು, ಹಣದ ರೂಪದಲ್ಲೇ ಕಂದಾಯ ಕಟ್ಟಬೇಕೆಂಬ ಕಂಪನಿಯ ಆಜ್ಞೆಗೆ ಸಿಡಿದೆದ್ದು, ಪುತ್ತೂರು ದಾಟಿ ಈ ಹಾದಿಯಲ್ಲೇ ಬಂತು. ನಂದಾವರದ ಲಕ್ಷ್ಮಪ್ಪ ಬಂಗರಸ ಕೂಡಿಕೊಂಡ. ಏಪ್ರಿಲ್ 5ರಂದು ಮಂಗಳೂರು ಅವರ ಕೈಯಲ್ಲಿ! ಬಾವುಟಗುಡ್ಡೆಯ ಮೇಲೆ ಅವರ ಬಾವುಟ! ಕಂಪನಿಯ ಅಧಿಕಾರಿಗಳು ಬಂದರಿಗೆ ಓಡಿ, ಹಡಗು ಹತ್ತಿ ಕಣ್ಣೂರಿನ ದಾರಿ ಹಿಡಿದರು. ಹದಿಮೂರು ದಿನ. 1857ಕ್ಕೆ ಇಪ್ಪತ್ತು ವರ್ಷ ಮುಂಚೆ! ಆಮೇಲೆ ಅದೇ ಬಂದರಿಗೆ ಸೈನ್ಯ ಬಂದಿಳಿಯಿತು, ಬಿಕರ್ನಕಟ್ಟೆಯಲ್ಲಿ ನೇಣುಗಂಬ ಎದ್ದಿತು. ದಂಗೆ ಮೇಲಿನಿಂದ ಹೊಳೆಯ ದಾರಿಯಲ್ಲಿ ಇಳಿದು ಬಂತು, ದಮನ ಕಡಲಿನಿಂದ ಹತ್ತಿ ಬಂತು.

ಈ ಹೊಳೆದಾರಿಗೆ ಎರಡು ಬಾಗಿಲು ಎಂಬುದನ್ನು ಎಲ್ಲರಿಗಿಂತ ಮುಂಚೆ ಅರ್ಥಮಾಡಿಕೊಂಡವನು ಟಿಪ್ಪು ಎಂದು ನನಗೆ ಅನಿಸುತ್ತದೆ. 1784ರಲ್ಲಿ ಫಲ್ಗುಣಿಯ ಬಾಯಲ್ಲಿ, ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿ. ಹೊಳೆಗೆ ನುಗ್ಗುವ ಶತ್ರು ಹಡಗಿಗೆ ಅಲ್ಲಿಂದಲೇ ತೋಪಿನ ಸ್ವಾಗತ. ಹತ್ತು ವರ್ಷ ಬಿಟ್ಟು, 1794ರಲ್ಲಿ, ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲೆ ಜಮಲಾಬಾದ್ ಕೋಟೆ, ತಾಯಿಯ ಹೆಸರಿನಲ್ಲಿ. ಒಂದು ಬೀಗ ಕಡಲ ಬಾಗಿಲಿಗೆ, ಇನ್ನೊಂದು ಘಟ್ಟದ ಬಾಗಿಲಿಗೆ. ಬೆಳ್ತಂಗಡಿ ಕಡೆಯಿಂದ ಗಡಾಯಿಕಲ್ಲನ್ನು ಮೊದಲ ಸಲ ಕಂಡವರು ಮಾತು ನಿಲ್ಲಿಸುತ್ತಾರೆ. ಆಕಾಶಕ್ಕೆ ಎದ್ದು ನಿಂತ ಒಂಟಿ ಬಂಡೆ, ಮೈಗೆ ಕೊರೆದ ಸಾವಿರದ ಎಂಟುನೂರಕ್ಕೂ ಮಿಕ್ಕ ಮೆಟ್ಟಿಲು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇದೂ ಬ್ರಿಟಿಷರ ಪಾಲಾಯಿತು. ಈಗ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿಯೊಳಗಿದೆ. ಮಳೆಗಾಲದಲ್ಲಿ ಹತ್ತುವ ದುಸ್ಸಾಹಸ ಬೇಡ, ಮೆಟ್ಟಿಲು ಪಾಚಿಗಟ್ಟಿರುತ್ತದೆ.

ಅಲ್ಲಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ವೇಣೂರು. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ 35 ಅಡಿಯ ಬಾಹುಬಲಿ. ಎಲ್ಲರೂ ಮೂರ್ತಿಯ ಮುಖ ನೋಡುತ್ತಾರೆ. ನೀವು ಒಮ್ಮೆ ಅವನಿಗೆ ಬೆನ್ನು ಮಾಡಿ ಹೊಳೆಯತ್ತ ನೋಡಿ. ಈ ಫಲ್ಗುಣಿಯ ನೀರೇ ಬಂದರಿನ ದಕ್ಕೆಗೆ ಬಡಿಯುವುದು. ಮೂಡುಬಿದಿರೆಯ ಹದಿನೆಂಟು ಬಸದಿಗಳಿಗೆ ಸುರಿದ ಹೊನ್ನಿನ ಹಿಂದೆ ಮೆಣಸು, ಅಕ್ಕಿ ಸಾಗಿಸಿದ ಜೈನ ಸೆಟ್ಟರ ವ್ಯಾಪಾರವಿತ್ತು. ಆ ವ್ಯಾಪಾರ ಮುಟ್ಟಿದ್ದು ಏಡನ್, ಹೊರ್ಮುಝ್, ಚೀನಾ. ಹಾಗೆ ಯೋಚಿಸಿದರೆ ಜಿರಾಫೆ ಇಲ್ಲಿ ಇರುವುದು ಆಶ್ಚರ್ಯವೇ ಅಲ್ಲ. ಇಲ್ಲದೇ ಹೋಗಿದ್ದರೆ ಆಶ್ಚರ್ಯ!

ಹೊರಡುವವರಿಗೆ ನಾಲ್ಕು ಮಾತು. ಬಂದರಿಗೆ ಭಾನುವಾರ ಹೋಗಬೇಡಿ, ಬಂಡಸಾಲೆಗಳು ಮುಚ್ಚಿರುತ್ತವೆ. ದಕ್ಕೆಗೆ ಬೆಳಕು ಹರಿಯುವ ಮುಂಚೆ ಹೋಗಿ, ಮೀನಿನ ಏಲ ನೋಡಿ. ಮಸೀದಿ, ಇಗರ್ಜಿ, ಬಸದಿಗಳಲ್ಲಿ ಅವರವರ ಕಟ್ಟಳೆ ಕೇಳಿಕೊಂಡು ಒಳಗೆ ಕಾಲಿಡಿ. ಬಂಟ್ವಾಳದಲ್ಲಿ ಇದ್ದಾಗ ಪ್ರೊ. ತುಕಾರಾಮ ಪೂಜಾರಿ ಅವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹವನ್ನು ತಪ್ಪದೆ ನೋಡಿ. ತುಳುನಾಡಿನ ಮನೆಗಳಿಂದ ಹೊರಬಿದ್ದ ಎಷ್ಟೋ ಸಾಮಾನುಗಳಿಗೆ ಅಲ್ಲಿ ಆಸರೆ ಸಿಕ್ಕಿದೆ.

ಇನ್ನೊಂದು ಮಾತು ಈ ಮೂರು ತಾಲೂಕಿನ ಮನೆಯವರಿಗೆ. ಹಳೆಯ ಮನೆ ಕೆಡವಿ ತಾರಸಿ ಹಾಕಿಸುವುದು ನಿಮ್ಮ ಇಷ್ಟ. ಆದರೆ ಹಂಚು ಇಳಿಸುವ ದಿನ ಗುತ್ತಿಗೆದಾರನಿಗೆ ಒಟ್ಟಿಗೆ ಮಾರಿಬಿಡಬೇಡಿ. ಒಂದೊಂದನ್ನು ಮಗುಚಿ ನೋಡಿ. ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು, ಊರು, ಗುರುತಿನ ಚಿತ್ರ, ಅದೃಷ್ಟವಿದ್ದರೆ ಇಸವಿ ಕೂಡ ಒತ್ತಿರುತ್ತದೆ. ಬೇರೆ ಬೇರೆ ಗುರುತಿನದು ಒಂದೊಂದನ್ನು ಎತ್ತಿಡಿ, ಮನೆ ಯಾವುದು, ಯಾವಾಗ ಕಟ್ಟಿದ್ದು ಎಂದು ಒಂದು ಚೀಟಿ ಬರೆದು ಹತ್ತಿರದ ಶಾಲೆಗೋ ವಸ್ತುಸಂಗ್ರಹಾಲಯಕ್ಕೋ ಕೊಡಿ.